ವಾರಕ್ಕೊಂದು ಹೆಸರು

ಜೆರಿಲಿನ್ ಪೆಟಿಫೋರ್ಡ್ ಎಂಬ ಹುಡುಗಿಯ ಬ್ಯಾಸ್ಕೆಟ್‌ಬಾಲ್ ಬಾಳನ್ನು ಹಾಳು ಮಾಡಿದವರು ಯಾರೆಂದು ಅವಳ ಅಮ್ಮ ವನೀಟಾಳನ್ನು ಕೇಳಿ ನೋಡಿ. ತಾನು ಓಡಿಸುವ ಶಾಲಾ ಬಸ್ಸಿನ ಸ್ಟೀರಿಂಗ್ ಮೇಲೆ ಮುಷ್ಟಿಯಿಂದ ಗುದ್ದಿ ಒಂದೇ ಹೆಸರು ಹೇಳುತ್ತಾಳೆ. ಆ ಹೆಸರಿನ ಹಿಂದೆ ಮುಂದೆ ಸೇರಿಸುವ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಬಸ್ಸಿನಲ್ಲಿ ಮಕ್ಕಳಿದ್ದರೆ ಆಕೆಯೂ ಅವನ್ನು ನುಂಗಿಕೊಳ್ಳುತ್ತಾಳೆ.

ಇಂಡಿಯಾನಾದ ನಮ್ಮ ಕಡೆ ಮಕ್ಕಳು ನೆಟ್ಟಗೆ ನಡೆಯುವ ಮೊದಲೇ ಚೆಂಡು ಕುಟ್ಟುತ್ತಾರೆ. ಚಳಿಗಾಲದ ಶುಕ್ರವಾರ ಸಂಜೆ ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿದವೆಂದರೆ ಯಾರೋ ಸತ್ತರೆಂದಲ್ಲ, ಹೈಸ್ಕೂಲಿನಲ್ಲಿ ಆಟವಿದೆ ಎಂದು. ಜೆರಿ ಆಡುತ್ತಿದ್ದಾಗಲಂತೂ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ದನದ ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ ರಿಂಗಿನಲ್ಲಿ ಪಳಗಿದ ಕೈ ಅದು. ಎದುರಿನವರಿಗೆ ನೀರು ಕುಡಿಸುತ್ತಿದ್ದಳು. ಸುದ್ದಿ ಕೇಳಿ ಬ್ರಾಂಟ್‌ಫೋರ್ಕ್ ಕಾಲೇಜಿನ ಕೋಚ್ ಲಿಂಡ್‌ಕ್ವಿಸ್ಟ್ ತಾಯಿ ಮಗಳ ಮನೆಗೇ ಬಂದ. ವನೀಟಾ ಕರಿದುಕೊಟ್ಟ ಹಂದಿಮಾಂಸದ ಸ್ಯಾಂಡ್‌ವಿಚ್ಚನ್ನು ಚಪ್ಪರಿಸಿ ತಿಂದು, ಬೆರಳು ಒರೆಸಿಕೊಳ್ಳುತ್ತಾ, "ವನೀಟಾ ಅವ್ರೇ, ನಿಮ್ ಮಗಳ ಸುತ್ತಾನೇ ತಂಡ ಕಟ್ತೀನಿ" ಎಂದ. ಫೀಸು ಮಾಫಿ, ಊಟ ವಸತಿ ಪುಕ್ಕಟೆ. ವನೀಟಾ ಅವತ್ತು ಅತ್ತೇಬಿಟ್ಟಳು. ಆ ಕಣ್ಣೀರು ನೆನೆದರೆ ಆಕೆಗೆ ಇವತ್ತಿಗೂ ಮೈ ಉರಿಯುತ್ತದೆ.

ಕಟ್ಟಿದ್ದೇನು, ಮಣ್ಣು! ಕಾಲೇಜಿಗೆ ಹೋದ ಕೂಡಲೇ ಕೋಚ್ ಜೆರಿಯ ಕೈಗೊಂದು ಕೆಂಪು ಬನಿಯನ್ ಕೊಟ್ಟ. ಆ ವಾರ ಎದುರು ಬರುವ ತಂಡದಲ್ಲಿ ಎಲ್ಲರಿಗಿಂತ ಚುರುಕಾದವಳು ಯಾರೋ, ಅಭ್ಯಾಸದಲ್ಲಿ ಜೆರಿ ಅವಳಾಗಬೇಕು. ವಿಡಿಯೋ ನೋಡಿ ನೋಡಿ, ಆಕೆ ಎಡಚಿಯಾದರೆ ಎಡಗೈಯಲ್ಲಿ ಆಡಬೇಕು, ಚೆಂಡು ಎಸೆಯುವ ಮುಂಚೆ ಹೆಗಲು ಕುಣಿಸುವವಳಾದರೆ ಹೆಗಲು ಕುಣಿಸಬೇಕು. ತಂಡದ ಹುಡುಗಿಯರು ಇವಳ ಮೇಲೆ ಕೈ ಪಳಗಿಸಿಕೊಂಡು, ಶನಿವಾರ ಹೋಗಿ ಅಸಲಿಯವಳನ್ನು ಕಟ್ಟಿಹಾಕುತ್ತಿದ್ದರು. ಪೇಪರಿನಲ್ಲಿ ಅವರ ಫೋಟೋ ಬರುತ್ತಿತ್ತು. ಜೆರಿ ಬೆಂಚಿನ ತುದಿಯಲ್ಲಿ ಟವೆಲ್ ಹಿಡಿದು ಕೂತಿರುತ್ತಿದ್ದಳು.

ಇದನ್ನು ಅವಳು ಎಷ್ಟು ಚೆನ್ನಾಗಿ ಮಾಡುತ್ತಿದ್ದಳೆಂದರೆ ಕೋಚ್ ಅವಳನ್ನು ಆಯಾ ವಾರದ ಎದುರಾಳಿಯ ಹೆಸರಿನಿಂದಲೇ ಕೂಗತೊಡಗಿದ. ಒಂದು ವಾರ ಗ್ರೀವರ್, ಇನ್ನೊಂದು ವಾರ ಓಸ್ಟ್‌ಮನ್. ಮೊದಮೊದಲು ಜೆರಿಗೆ ಅದೇ ಹೆಮ್ಮೆ. ಆಮೇಲೊಂದು ದಿನ ಊಟದ ಮೇಜಿನಲ್ಲೂ "ಗ್ರೀವರ್, ಆ ಕೆಚಪ್ ಕೊಡು" ಎಂದಾಗ, ಬಾಟಲಿಯನ್ನು ಅವನ ತಲೆಗೇ ಎಸೆಯಬೇಕೆನ್ನಿಸಿತು.

"ಕೋಚ್, ನಾನು ಆಡೋದು ಯಾವಾಗ?"

"ನಿನ್ ವರ್ಷ ಬಂದೇ ಬರುತ್ತೆ ಕಣಮ್ಮ. ನೀನಿಲ್ದೆ ಈ ತಂಡ ಎಲ್ಲಿದೆ?"

ಮೂಗಿಗೆ ತುಪ್ಪ ಸವರುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಎರಡನೇ ವರ್ಷ ಯಾವಳದೋ ಜಿಗಿತವನ್ನು ಅನುಕರಿಸಲು ಹೋಗಿ ಜೆರಿಯ ಮಂಡಿ ಹೋಯಿತು, ಆಪರೇಷನ್ ಆಯಿತು. ತನ್ನದಲ್ಲದ ಆಟಕ್ಕೆ ತನ್ನ ಮಂಡಿ! ಮೂರನೇ ವರ್ಷ ಇನ್ನೇನು ಸರದಿ ಬಂತು ಎನ್ನುವಾಗ ಬೇರೊಂದು ಕಾಲೇಜಿನಿಂದ ಕ್ಯಾಸಿ ಎಂಬವಳನ್ನು ಕರೆತಂದು ಅದೇ ಜಾಗಕ್ಕೆ ನಿಲ್ಲಿಸಿದ. ಒಗ್ಗರಣೆಗೆ ಬೇಕು, ಉಣ್ಣುವಾಗ ತಟ್ಟೆಯಂಚಿಗೆ ಎತ್ತಿಡಬೇಕು, ಅಂಥ ಕರಿಬೇವಿನ ಬಾಳಾಯಿತು ಅವಳದು.

ಬೆಂಚಿನ ಹಿಂದಿನ ಮೂರನೇ ಸಾಲಿನಲ್ಲಿ ಕೂತು ವನೀಟಾ ಸುಮ್ಮನಿರುತ್ತಿದ್ದಳೇ? ಪಾಪ್‌ಕಾರ್ನ್ ಮುಕ್ಕುತ್ತಾ ಇಡೀ ಸಭಾಂಗಣಕ್ಕೆ ಕೇಳುವಂತೆ ಕಿರುಚುತ್ತಿದ್ದಳು. "ಏಯ್ ಲಿಂಡ್‌ಕ್ವಿಸ್ಟ್! ಬೆಂಚಿಗೆ ಕಾವು ಕೊಡೋಕೆ ಒಂದ್ ಕೋಳಿ ತಂದ್ಕೋ, ನನ್ ಮಗಳನ್ನ ಒಳಗೆ ಬಿಡು!"

"ಅಮ್ಮಾ, ಮರ್ಯಾದೆ ತೆಗೀಬೇಡ" ಎಂದು ಜೆರಿ ಆಮೇಲೆ ಬೇಡಿಕೊಳ್ಳುತ್ತಿದ್ದಳು.

"ಇದ್ರೆ ತಾನೇ ತೆಗೆಯೋಕೆ? ಅವ್ನಿಗೆಲ್ಲಿದೆ ಮರ್ಯಾದೆ?"

ಉಳಿದದ್ದು ಒಂದೇ ಆಸೆ. ಕೊನೆಯ ವರ್ಷದವರಿಗೆ ನಮ್ಮಲ್ಲೊಂದು ಹಕ್ಕಿದೆ. ತವರಿನ ಕೊನೆಯ ಆಟದ ದಿನ ತಾಯ್ತಂದೆ ಕೈಹಿಡಿದು ಅವರನ್ನು ಅಂಕಣದ ನಡುವಿಗೆ ಕರೆತರುತ್ತಾರೆ. ಹೂಗುಚ್ಛ, ಚಪ್ಪಾಳೆ. ಇಡೀ ವರ್ಷ ಬೆಂಚು ಕಾದವಳಾದರೂ ಸರಿ, ಅವತ್ತು ಆಟ ಶುರು ಮಾಡುವ ಐವರಲ್ಲಿ ಆಕೆ ಇರಲೇಬೇಕು. ಆ ಒಂದು ಸಂಜೆಗಾಗಿ ಜೆರಿ ಹಲ್ಲುಕಚ್ಚಿ ಕಾದಿದ್ದಳು. "ಅವತ್ತು ನೋಡಮ್ಮ, ಬೇರೆಯವ್ರದ್ದಲ್ಲ, ನನ್ ಆಟ ಆಡ್ತೀನಿ" ಎಂದು ವನೀಟಾಳಿಗೆ ಮಾತು ಕೊಟ್ಟಿದ್ದಳು.

ಹಿಂದಿನ ದಿನ ಕೋಚ್ ಅವಳನ್ನು ಕೋಣೆಗೆ ಕರೆದ.

"ನಾಳೆ ಗೆದ್ರೇನೇ ನಾವು ಟೂರ್ನಿಗೆ ಹೋಗೋದು. ಎದುರಿಗಿರೋಳು ವಿಟ್‌ಬೆಕ್. ಅವಳೆಂಥೋಳು ಅಂತ ಗೊತ್ತಲ್ಲ?"

"ಗೊತ್ತಿಲ್ದೆ ಏನು? ವಾರದಿಂದ ನಾನೇ ವಿಟ್‌ಬೆಕ್."

"ಹಾಂ, ಅದಕ್ಕೇ ಹೇಳ್ತಿದೀನಿ. ಆಟ ಶುರುವಾದ ತಕ್ಷಣ ಯಾರ್ನಾದ್ರೂ ಹಿಡ್ಕೊಂಡು ಒಂದು ಫೌಲ್ ಮಾಡು. ಸೀಟಿ ಆಗುತ್ತೆ, ಕ್ಯಾಸಿನ ಇಳಿಸ್ತೀನಿ. ಜನ ಚಪ್ಪಾಳೆ ಹೊಡೀತಾರೆ, ನಿಮ್ಮಮ್ಮ ಫೋಟೋ ತಗೋತಾರೆ. ಎಲ್ರಿಗೂ ಖುಷಿ."

"ಎಲ್ರಿಗೂ?"

"ಹಟ ಮಾಡ್ಬೇಡ ವಿಟ್‌ಬೆಕ್."

ಜೆರಿ ಹೊರಗೆ ಬಂದಳು. ಕಾರಿನಲ್ಲಿ ಕೂತು ಗಾಜು ಏರಿಸಿ, ಗಂಟಲು ಹರಿಯುವಂತೆ ಕಿರುಚಿದಳು.

ಮರುದಿನ ವನೀಟಾ ಹೊಸ ಕೋಟು ತೊಟ್ಟು ಮಗಳ ಕೈಹಿಡಿದು ನಡೆಸಿಕೊಂಡು ಬಂದಳು. ಹೂ ಕೊಟ್ಟರು. ಆಟ ಶುರುವಾಯಿತು. ಸೀಟಿ ಆಗದೆ ಆಟಗಾರ್ತಿಯನ್ನು ಬದಲಿಸುವಂತಿಲ್ಲ; ಜೆರಿ ಸೀಟಿ ಆಗಗೊಡಲಿಲ್ಲ. ಯಾರ ಮೈಯನ್ನೂ ಮುಟ್ಟಲಿಲ್ಲ. ಗೆರೆ ದಾಟುತ್ತಿದ್ದ ಚೆಂಡನ್ನು ಹಾರಿ ಒಳಗೆ ತಳ್ಳಿದಳು. "ಫೌಲ್! ಫೌಲ್ ಮಾಡೇ!" ಎಂದು ಕೋಚ್ ಗೆರೆಯಂಚಿನಲ್ಲಿ ಕುಣಿಯುತ್ತಿದ್ದ. ಮೊದಲ ಸಲ ಚೆಂಡು ಎಸೆಯುವಾಗ ಅವಳ ಹೆಗಲು ತಾನಾಗಿಯೇ ಕುಣಿಯಿತು. ಅದು ವಿಟ್‌ಬೆಕ್‌ಳ ಹೆಗಲು. ಚೆಂಡು ರಿಂಗಿಗೆ ತಾಗಿ ಹೊರಗೆ ಬಿತ್ತು. ಥೂ ಎಂದು ತನ್ನ ಹೆಗಲಿಗೇ ಬೈದುಕೊಂಡಳು. ಎರಡನೇ ಸಲ ಕಾಲೂರಿ ನಿಂತು, ಕೊಟ್ಟಿಗೆಯ ಗೋಡೆಗೆ ಎಸೆಯುತ್ತಿದ್ದ ಹಾಗೆಯೇ ಎಸೆದಳು. ಬಲೆ ಅಲುಗಿತು. ಸಭಾಂಗಣ ಎದ್ದು ನಿಂತಿತು.

ಮತ್ತೆ ಚೆಂಡು ಅವಳ ಕೈಗೆ ಬಂತೋ ಇಲ್ಲವೋ, ಕೋಚ್ ಬೇರೆ ದಾರಿ ಕಾಣದೆ, ಕೊನೆಗೆಂದು ಉಳಿಸಿಕೊಂಡಿದ್ದ ಟೈಮ್‌ಔಟ್ ಕೇಳಿ ಆಟ ನಿಲ್ಲಿಸಿದ. ಕ್ಯಾಸಿ ಒಳಗೆ, ಜೆರಿ ಹೊರಗೆ.

"ಹೇಳಿದ್ದೇನು, ನೀನ್ ಮಾಡಿದ್ದೇನು?"

"ಆಟ ಆಡ್ದೆ ಕೋಚ್. ನಮ್ಮನೇಲಿ ತಿಂದು ಕರ್ಕೊಂಡ್ ಬಂದಿದ್ದು ಅದಕ್ಕೇ ಅಲ್ವಾ?"

ಅವಳು ಬೆಂಚಿನಲ್ಲಿ ಕೂರಲಿಲ್ಲ. ಮೆಟ್ಟಿಲು ಹತ್ತಿ ಮೂರನೇ ಸಾಲಿಗೆ ಹೋಗಿ, ಹೂಗುಚ್ಛ ಸರಿಸಿ, ಅಮ್ಮನ ಪಕ್ಕ ಕೂತಳು. ವನೀಟಾ ಪಾಪ್‌ಕಾರ್ನ್ ಪೊಟ್ಟಣವನ್ನು ಮಗಳತ್ತ ಹಿಡಿದಳು.

"ಆ ಎರಡನೇದು ನಮ್ ಕೊಟ್ಟಿಗೇದು, ಅಲ್ವೇನೇ?" ಎಂದಳು.

"ಹೂಂ."

ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು, ಎರಡು ತಂಡವೂ ಸಮ ಸಮ. ಆಗ ಕ್ಯಾಸಿ ಕಾಲು ಉಳುಕಿ ಬಿದ್ದಳು. ಅವಳನ್ನು ಇಬ್ಬರು ಹೊತ್ತುಕೊಂಡು ಬಂದರು. ಕೋಚ್ ಬೆಂಚಿನ ಕಡೆ ತಿರುಗಿದ. ತುದಿಯ ಜಾಗ ಖಾಲಿ. ಗಾಬರಿಯಿಂದ ತಲೆ ಎತ್ತಿ ಮೂರನೇ ಸಾಲು ನೋಡಿದ.

"ವಿಟ್‌ಬೆಕ್! ಬೇಗ ಇಳ್ದು ಬಾ!"

ಅಂಕಣದಲ್ಲಿ ನೀರು ಕುಡಿಯುತ್ತಿದ್ದ ಅಸಲಿ ವಿಟ್‌ಬೆಕ್ ತಿರುಗಿ ನೋಡಿ, "ನನ್ನನ್ನಾ?" ಎಂದು ಎದೆ ಮುಟ್ಟಿಕೊಂಡಳು. ಯಾರೋ ಕಿಸಕ್ಕನೆ ನಕ್ಕರು. ಕೋಚ್‌ನ ಮುಖ ಕೆಂಪಾಯಿತು. ವನೀಟಾ ಕೋಟಿನ ತೋಳು ಏರಿಸಿಕೊಂಡು ಎದ್ದೇಬಿಟ್ಟಿದ್ದಳು. ಜೆರಿ ಮೊಣಕೈ ಹಿಡಿದು ಕೂರಿಸಿದಳು. ಇಳಿದು ಆಡುವ ಆಸೆ ಅವಳಿಗಿರಲಿಲ್ಲವೇ? ಬೇಕಾದಷ್ಟಿತ್ತು. ಚೆಂಡು ಬೇಡುವ ಕೈಯನ್ನು ಪಾಪ್‌ಕಾರ್ನ್ ಪೊಟ್ಟಣದೊಳಗೆ ಇಳಿಬಿಟ್ಟು, ಕೂತಲ್ಲಿಂದಲೇ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ವಿಟ್‌ಬೆಕ್ ಅಲ್ಲೇ ನಿಂತಿದ್ದಾಳಲ್ಲ ಕೋಚ್. ಅವಳನ್ನೇ ಆಡಿಸ್ಕೊಳ್ಳಿ."