ಗುರುವಾರದ ಗಂಡ

ಮದುವೆಯಾದ ಮೊದಲ ವರ್ಷಗಳಲ್ಲಿ ನನ್ನ ಗಂಡ ಗುರುವಾರ ಸಂಜೆ ಬಂದು ಶನಿವಾರ ಬೆಳಕು ಹರಿಯುವ ಮೊದಲೇ ಹೊರಟುಹೋಗುತ್ತಿದ್ದರು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಇಲ್ಲಿ ಗಲ್ಫಿನಲ್ಲಿ ಶುಕ್ರವಾರ ರಜೆ. ಅವರಿಗೆ ದೂರದ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಗುತ್ತಿಗೆ ಕಂಪನಿಯ ಕೆಲಸ, ಅಲ್ಲೇ ಕ್ಯಾಂಪಿನಲ್ಲಿ ವಾಸ. ನಾನು ಆಸ್ಪತ್ರೆಯ ನರ್ಸು, ಪಟ್ಟಣದ ರಿಗ್ಗೈಯಲ್ಲಿ ನನ್ನ ಹೆಸರಿನ ಬಾಡಿಗೆ ಫ್ಲ್ಯಾಟು. ಪಕ್ಕದ ಮನೆಯ ಕೊಂಕಣಿ ಅಕ್ಕ, "ನಿನ್ನದು ಲಕ್ ಮಾರಾಯ್ತಿ, ನನ್ನವರು ದಿನಾ ಬರ್ತಾರೆ" ಎಂದು ನಿಟ್ಟುಸಿರು ಬಿಡುತ್ತಿದ್ದರು.

ಒಂದು ಗುರುವಾರ ಇವರು ದಾರಿಯ ಫಿಂಟಾಸಿನಿಂದ ಸಿಗಡಿಯ ಜೊತೆಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನೂ ತಂದರು. ಊರಿಗೆ ಮರಳುತ್ತಿದ್ದ ಜಪಾನೀ ಇಂಜಿನಿಯರ್ ಒಬ್ಬರು ಕೊಟ್ಟದ್ದಂತೆ. ಅದರಲ್ಲಿದ್ದದ್ದು ಸಾವಿರ ವರ್ಷ ಹಿಂದಿನ ಜಪಾನಿನ ಅರಮನೆ ಹೆಂಗಸರ ಕಥೆಗಳು. ನೈಟ್ ಡ್ಯೂಟಿಯಲ್ಲಿ ಓದುತ್ತಾ ಹೋದ ಹಾಗೆ ನನಗೆ ನಗು ತಡೆಯಲಾಗಲಿಲ್ಲ. ಆ ಕಾಲದ ಗಂಡ ಹೆಂಡತಿಯ ಮನೆಗೆ ಕತ್ತಲಾದ ಮೇಲೆ ಬರುತ್ತಿದ್ದ, ಬೆಳಗಾಗುವ ಮೊದಲು ಹೋಗುತ್ತಿದ್ದ. ಹೋದವನು ಕೂಡಲೇ ಒಂದು ಕವಿತೆ ಬರೆದು ಕಳಿಸಬೇಕು. ತಡವಾದರೆ ಮನೆಯ ಹೆಂಗಸರೆಲ್ಲ ಗುಸುಗುಸು. ನಮ್ಮವರು ಕ್ಯಾಂಪು ಮುಟ್ಟಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದರು. ಕವಿತೆಯ ಮಟ್ಟಿಗೆ ನಮ್ಮಲ್ಲಿ ಅಷ್ಟೇ.

ಆ ಹೆಂಗಸರ ಬಗ್ಗೆ ಮೊದಮೊದಲು ನನಗೆ ಬಹಳ ಕನಿಕರ. ಪರದೆಯ ಹಿಂದೆ ಕೂತು, ಇವತ್ತು ಬರುತ್ತಾನೋ ಇಲ್ಲ ಬೇರೊಬ್ಬಳ ಮನೆಗೆ ಹೋದನೋ ಎಂದು ಕೊರಗುವ ಬಾಳು. ನಾನಾದರೋ ಸ್ವಂತ ಸಂಬಳದವಳು, ಯಾರಿಗೂ ಕಾಯುವವಳಲ್ಲ. ಆದರೆ ಗುರುವಾರ ಬಂತೆಂದರೆ ಡ್ಯೂಟಿ ಬದಲಾಯಿಸಿಕೊಂಡು, ಹಾಸಿಗೆಗೆ ಹೊಸ ಚಾದರ ಹಾಸಿ, ಲಿಫ್ಟಿನ ಸದ್ದಾದಾಗಲೆಲ್ಲ ಬಾಗಿಲ ಹತ್ತಿರ ಹೋಗುತ್ತಿದ್ದೆ. ಇವರ ಬಸ್ಸು ತಡವಾದರೆ ಸಿಟ್ಟು ಬರುತ್ತಿತ್ತು. ಕಾಯುವುದಕ್ಕೆ ಸಂಬಳ ಅಡ್ಡ ಬರಲಿಲ್ಲ.

ಹೀಗೆ ನಡೆಯುತ್ತಿರುವಾಗ ಇವರ ಪ್ರಾಜೆಕ್ಟ್ ಖಲಾಸ್ ಆಯಿತು. ಬೇರೆ ಕೆಲಸ ಸಿಗಲಿಲ್ಲ. ಉಳಿದದ್ದು ಎರಡೇ ದಾರಿ: ಇವರು ಊರಿಗೆ ಹೋಗುವುದು, ಅಥವಾ ನನ್ನ ಇಕಾಮಾದ ಮೇಲೆ, ಅಂದರೆ ನನ್ನ ವಾಸದ ಪರವಾನಗಿಯ ಆಧಾರದಲ್ಲಿ, ಇಲ್ಲೇ ಇರುವುದು. ಆಸ್ಪತ್ರೆಯವರಿಂದ ಅನುಮತಿಯೂ ಸಿಕ್ಕಿತು. ದಿನಾ ಒಟ್ಟಿಗೆ ಇರಬಹುದು ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಇವರ ಮುಖ ನೋಡುವುದೇ ಮರೆತುಹೋಯಿತು.

"ಹೆಂಡತಿಯ ಇಕಾಮಾದಲ್ಲಿ ಕೂತವ ಅಂತ ಜನ ಹೇಳುದಿಲ್ವಾ?" ಎಂದರು.

ನನ್ನ ಬಳಿ ಉತ್ತರ ಸಿದ್ಧವಿತ್ತು. ಜಪಾನಿನಲ್ಲಿ ದೊಡ್ಡ ದೊಡ್ಡ ಮಂತ್ರಿಗಳೇ ಹೆಂಡತಿಯ ಮನೆಯ ಊಟ ಉಂಡು, ಮಾವ ಹೊಲಿಸಿಕೊಟ್ಟ ಬಟ್ಟೆ ತೊಟ್ಟು ಮೆರೆಯುತ್ತಿದ್ದರು ಎಂದೆ. ಅಷ್ಟು ದೂರವೇಕೆ, ನಮ್ಮ ಅಳಿಯ ಸಂತಾನದ ಮನೆಗಳಲ್ಲಿ ಮನೆ ಗದ್ದೆ ಎಲ್ಲ ಹೆಂಗಸರ ಕಡೆಯಿಂದಲೇ ಬಂದದ್ದಲ್ಲವೇ. ನನ್ನ ಅಜ್ಜ ಕೊನೆಯವರೆಗೂ ರಾತ್ರಿ ಮಾತ್ರ ಅಜ್ಜಿಯ ಮನೆಗೆ ಬರುತ್ತಿದ್ದರು, ಯಾರೂ ನಗಾಡಲಿಲ್ಲ ಎಂದೆ. ಇಷ್ಟು ಚೆನ್ನಾಗಿ ನಾನು ಜೀವನದಲ್ಲಿ ಯಾವತ್ತೂ ವಾದಿಸಿರಲಿಲ್ಲ.

ಇವರು ಎಲ್ಲ ಕೇಳಿಸಿಕೊಂಡರು. "ಅಜ್ಜ ಬೆಳಿಗ್ಗೆ ಎದ್ದು ಅವರ ಅಕ್ಕನ ಮನೆಗೆ ಹೋಗ್ತಿದ್ರು. ಅಲ್ಲಿಯ ಯಜಮಾನ ಅವರೇ," ಎಂದರು. "ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಮಾರಾಯ್ತಿ?"

ನನ್ನ ದಪ್ಪ ಪುಸ್ತಕ ನೆನಪಾಯಿತು. ಅಲ್ಲಿಯ ಗಂಡಸರಿಗೆಲ್ಲ ಬೆಳಗಾದರೆ ಹೋಗಲು ಅರಮನೆಯಿತ್ತು.

ಕೊನೆಗೆ ಇವರು ಒಪ್ಪಿದರು, ಅದೂ ನನ್ನ ಅಳು ನೋಡಿ, ವಾದ ಕೇಳಿ ಅಲ್ಲ. ನನ್ನ ಇಕಾಮಾಕ್ಕೆ ಬದಲಾಯಿಸಿಕೊಂಡ ಮರುದಿನ ಬೆಳಿಗ್ಗೆ ನಾನು ಏಳುವಾಗ ಇವರ ಸ್ನಾನ ಮುಗಿದಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿ ಬೂಟಿನ ಲೇಸು ಕಟ್ಟುತ್ತಿದ್ದರು.

"ಎಲ್ಲಿಗೆ ಹೊರಟಿರಿ?"

"ಎಲ್ಲಿಗೂ ಇಲ್ಲ. ಪಕ್ಕದವರು ಆಫೀಸಿಗೆ ಹೊರಡುವ ಹೊತ್ತು. ನಾನೂ ಇಳಿಯುತ್ತೇನೆ. ಎಲ್ಲರೂ ಹೋದ ನಂತರ ಮೇಲೆ ಬರ್ತೇನೆ."

ನಗಬೇಕೆಂದುಕೊಂಡೆ, ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನೂ ಕೆಳಗಿಳಿದೆ. ಕಟ್ಟಡದ ಮೂಲೆಯ ಅಂಗಡಿಯ ಹತ್ತಿರ ಇವರು, ಬಸ್ಸಿಗೆ ಕಾಯುವವರ ಹಾಗೆ ರಸ್ತೆಯನ್ನೇ ನೋಡುತ್ತಾ ನಿಂತಿದ್ದರು. ಪಕ್ಕದ ಮನೆಯ ಅಕ್ಕನ ಗಂಡ ಕಾರು ನಿಲ್ಲಿಸಿ, "ಎಲ್ಲಿಗಾದ್ರೂ ಬಿಡಬೇಕಾ?" ಎಂದು ಕೇಳಿದರು. ಇವರು ಗಡಿಯಾರ ನೋಡಿಕೊಂಡು, "ಬೇಡ, ನಮ್ಮ ಗಾಡಿ ಈಗ ಬರ್ತದೆ," ಎಂದರು.

ಆಸ್ಪತ್ರೆಯ ವ್ಯಾನು ಬಂತು. ನಾನು ಹತ್ತಿದೆ, ಇವರ ನಾಟಕ ಕೆಡದಿರಲೆಂದು, ಇವರ ಗುರುತೇ ಇಲ್ಲದವಳ ಹಾಗೆ.