ನಿಂತ ಸ್ಕ್ರೀನಿನ ಮುಂದೆ ಅರ್ಧ ಗಂಟೆ

ಟ್ಯೂಬ್‌ಲೈಟ್ ಒಮ್ಮೆ ಮಿಣುಕಿತು. ನನ್ನ ಎಡಗೈ ತಾನಾಗಿಯೇ ಕಂಟ್ರೋಲ್ ಎಸ್ ಒತ್ತಿಬಿಟ್ಟಿತು.

ಅಷ್ಟೇ. ಸ್ಕ್ರೀನು ಅಲ್ಲೇ ನಿಂತುಹೋಯಿತು!

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಇಂದಿರಾನಗರದ ಒಂದು ಸಣ್ಣ ಆಫೀಸಿನಲ್ಲಿ ಹದಿನೈದು ದಿನ ಟ್ರೇನಿಂಗ್ ಕೊಟ್ಟು, ಕೊನೆಗೆ ಅರ್ಧ ಗಂಟೆಯ ಟೆಸ್ಟ್ ಇಟ್ಟಿದ್ದರು. ಪಾಸಾದರೆ ಕೆಲಸ, ಇಲ್ಲದಿದ್ದರೆ ಮಹದೇವಪುರದ ಗಾರ್ಮೆಂಟ್ಸಿಗೆ ವಾಪಸ್.

ಅಲ್ಲಿಂದ ಬರುವಾಗ ಸೂಪರ್‌ವೈಸರ್ ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದಿದ್ದೆ, ಇನ್ನು ಈ ಬಾಗಿಲು ತುಳಿಯೋದಿಲ್ಲ ಅಂತ. ನನ್ನ ಬಾಯಿ ಹಾಗೇ, ಏನು ಮಾಡೋದು...

ಆ ಆಫೀಸಿನ ಮಷೀನುಗಳಿಗೆ ಮೌಸೇ ಇರಲಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಫೈಲ್ ಕಾಪಿ ಮಾಡಲಿ, ಹೆಸರು ಬದಲಿಸಲಿ, ಎಲ್ಲಕ್ಕೂ ಕಮಾಂಡ್ ಟೈಪ್ ಮಾಡಬೇಕು. ಟರ್ಮಿನಲ್ ಅನ್ನುತ್ತಿದ್ದರು.

ಟ್ರೇನಿಂಗಿನಲ್ಲೂ ಎರಡು ಸಲ ಹೀಗೆ ಸ್ಕ್ರೀನು ನಿಂತಿತ್ತು. ಕೇಳಿದರೆ ಎಲ್ಲಿ ದಡ್ಡಿ ಅಂದುಕೊಳ್ಳುತ್ತಾರೋ ಅಂತ, ಮೆಲ್ಲಗೆ ಮಷೀನ್ ಆಫ್ ಮಾಡಿ ಆನ್ ಮಾಡಿದ್ದೆ. ಆದರೆ ಇವತ್ತು ಅಷ್ಟು ಟೈಮ್ ಎಲ್ಲಿದೆ?

ಈ ಕಂಟ್ರೋಲ್ ಎಸ್ ಚಟ ಹತ್ತಿಸಿದವರು ಶಿವಾಜಿನಗರದ ನಸ್ರೀನ್ ಮೇಡಂ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಮಹಡಿ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ಗಾರ್ಮೆಂಟ್ಸಿಗೆ ರಜೆ ಇದ್ದ ಭಾನುವಾರಗಳಲ್ಲಿ ಹೋಗಿ ಕಲಿತೆ.

ಅಲ್ಲಿ ಯುಪಿಎಸ್ ಇರಲಿಲ್ಲ, ಕರೆಂಟು ಮನಸ್ಸು ಬಂದಾಗ ಹೋಗುತ್ತಿತ್ತು. ಲೈಟ್ ಮಿಣುಕಿದರೆ ಮೊದಲು ಕಂಟ್ರೋಲ್ ಎಸ್ ಒತ್ತಿ ಸೇವ್, ಆಮೇಲೆ ಉಸಿರು. ಇದು ಮೇಡಂ ಕಾನೂನು.

ಇನ್ನೊಂದು ಕಾನೂನೂ ಇತ್ತು. ಕೊನೆಯ ತಿಂಗಳು ಮಾನಿಟರ್ ಆಫ್ ಮಾಡಿ ಟೈಪ್ ಮಾಡಿಸುತ್ತಿದ್ದರು. "ಬೆರಳಿಗೆ ಗೊತ್ತಿದೆ ಬೇಟಿ, ಕಣ್ಣಿಗ್ಯಾಕೆ ಕೆಲ್ಸ?" ಅನ್ನುತ್ತಿದ್ದರು. ಆಗ ಅವರ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತು ಗೊತ್ತಾ!

ಈಗ ಟೆಸ್ಟಿನಲ್ಲಿ ಅದೇ ನೆನಪಾಯಿತು. ಹತ್ತೊಂಬತ್ತು ಪ್ರಶ್ನೆಯಲ್ಲಿ ಮುಗಿದಿದ್ದು ನಾಲ್ಕು.

ಆಗಿದ್ದಾಗಲಿ ಅಂತ ಪ್ರಶ್ನೆಯ ಹಾಳೆ ನೋಡುತ್ತಾ ಐದನೆಯ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿದೆ. ಸ್ಕ್ರೀನಿನಲ್ಲಿ ಏನೂ ಇಲ್ಲ. ಆರು. ಏನೂ ಇಲ್ಲ. ಏಳು... ಹತ್ತೊಂಬತ್ತರವರೆಗೂ ಹೀಗೇ.

ಟೈಮ್ ಮುಗಿಯಿತು. ಟೆಸ್ಟ್ ನೋಡಿಕೊಳ್ಳುತ್ತಿದ್ದ ಹಲಸೂರಿನ ಸೆಲ್ವಿ ಮೇಡಂ ನನ್ನ ಹಿಂದೆ ಬಂದು ನಿಂತರು. "ಏನ್ರೀ, ನಾಲ್ಕೇ ಮಾಡಿದೀರಾ?"

"ಎಲ್ಲಾ ಮಾಡೀನ್ರಿ ಮೇಡಂ. ಸ್ಕ್ರೀನ್ ನಿಂತದ, ನಾ ನಿಂತಿಲ್ಲ." ಭಯವಾದರೆ ನನ್ನ ಬಾಯಿಗೆ ನಮ್ಮೂರು ಯಾದಗಿರಿಯ ಮಾತು ಬಂದುಬಿಡುತ್ತದೆ.

"ಕಂಟ್ರೋಲ್ ಎಸ್ ಒತ್ತಿದ್ರಾ?"

"ಲೈಟ್ ಮಿಣುಕಿತ್ರಿ. ಸೇವ್ ಮಾಡೀನಿ."

"ಅಯ್ಯೋ ಮುರುಗಾ!" ಅಂತ ಅವರು ತಲೆ ಚಚ್ಚಿಕೊಂಡು ನಕ್ಕರು. ಟರ್ಮಿನಲ್‌ನಲ್ಲಿ ಕಂಟ್ರೋಲ್ ಎಸ್ ಅಂದರೆ ಸೇವ್ ಅಲ್ಲವಂತೆ, ಸ್ಕ್ರೀನನ್ನು ತಡೆದು ನಿಲ್ಲಿಸುವುದಂತೆ. ಬಿಡಿಸಲು ಕಂಟ್ರೋಲ್ ಕ್ಯೂ. ಬಗ್ಗಿ ಒತ್ತಿದರು.

ಒಳಗೆ ಕಾಯುತ್ತಾ ಕೂತಿದ್ದ ನನ್ನ ಸಾಲುಗಳೆಲ್ಲಾ ದಬದಬನೆ ಇಳಿದು ಬಂದವು! ಐದು, ಆರು, ಏಳು... ನೋಡುತ್ತಿದ್ದ ಹಾಗೆ ಹತ್ತೊಂಬತ್ತೂ ಮುಗಿದವು. ಹನ್ನೊಂದನೆಯದರಲ್ಲಿ ಮಾತ್ರ ಒಂದಕ್ಷರ ತಪ್ಪಿತ್ತು.

ಸೆಲ್ವಿ ಮೇಡಂ ನಗು ನಿಲ್ಲಿಸಿ ನನ್ನ ಕೈಗಳನ್ನು ನೋಡಿದರು. "ನೋಡ್ದೇನೇ ಟೈಪ್ ಮಾಡಿದ್ರಾ ಇಷ್ಟೂ?" ಅಂದರು. ಮೇಲಿನ ಬಾಣದ ಕೀ ಒತ್ತುತ್ತಾ ಹೋದರೆ ಹಳೆಯ ಕಮಾಂಡ್‌ಗಳು ಮತ್ತೆ ಬರುತ್ತವೆ ಅಂತ ತೋರಿಸಿ, ಹನ್ನೊಂದನ್ನು ನನ್ನ ಕೈಯಿಂದಲೇ ಸರಿ ಮಾಡಿಸಿದರು. "ಸೋಮವಾರ ಬನ್ನಿ, ಕೆಲ್ಸಕ್ಕೆ."

ಹಲಸೂರು ಕೆರೆ ದಾಟುವವರೆಗೂ ಬಸ್ಸಿನಲ್ಲಿ ಅಳುತ್ತಲೇ ಇದ್ದೆ. ಖುಷಿಗೆ ಕಣ್ರೀ, ಬರೀ ಖುಷಿಗೆ.

ಭಾನುವಾರ ಸ್ವೀಟ್ ತಗೊಂಡು ಶಿವಾಜಿನಗರಕ್ಕೆ ಓಡಿದೆ. ನಸ್ರೀನ್ ಮೇಡಂ ಎಲ್ಲಾ ಕೇಳಿಸಿಕೊಂಡು, ಸ್ವೀಟ್ ಪಕ್ಕಕ್ಕಿಟ್ಟು ಸೀಮೆಸುಣ್ಣ ಎತ್ತಿಕೊಂಡರು. ಬೋರ್ಡಿನ ಮೇಲೆ ವರ್ಷಗಟ್ಟಲೆ ಇದ್ದ ಕಂಟ್ರೋಲ್ ಎಸ್ ಕೆಳಗೆ ಕಂಟ್ರೋಲ್ ಕ್ಯೂ ಅಂತ ಬರೆದರು, ಪಕ್ಕದಲ್ಲಿ ನನ್ನ ಹೆಸರು.

ಈಗಲೂ ಲೈಟ್ ಮಿಣುಕಿದರೆ ನನ್ನ ಎಡಗೈ ಸುಮ್ಮನಿರುವುದಿಲ್ಲ... ನಿಮ್ಮ ಬೆರಳುಗಳಲ್ಲಿ ಯಾವ ಮೇಷ್ಟ್ರು, ಯಾವ ಮೇಡಂ ಇನ್ನೂ ಕೂತಿದ್ದಾರೆ?