ದೀಪ ಹಚ್ಚಿದ ಮೇಲೆ ಕೇಳಿದ ಹೆಪ್ಪು

ನಾವು ಜಗಳೂರಿಗೆ ಬಂದ ಮರುದಿನ ಒಬ್ಬ ಹೆಂಗಸು ಸೀದಾ ಅಡುಗೆಮನೆಗೇ ನುಗ್ಗಿ, ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದು ಬಗ್ಗಿ ನೋಡಿದಳು. “ಸಾರು ತೆಳ್ಳಗೈತಲ್ರಿ!” ನಾನು ಸೌಟು ಹಿಡಿದು ಗರ ಬಡಿದವಳಂತೆ ನಿಂತೆ. ಅವಳು ಪಕ್ಕದ ಮನೆಯ ಹನುಮಕ್ಕ.

ಮೈಸೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರುಮನೆಯವರು ಸತ್ತರೂ ವಾಟ್ಸಾಪಿನಲ್ಲೇ ತಿಳಿಯಬೇಕು. ಇಲ್ಲಿ ಹಗಲೆಲ್ಲ ಕದ ಹಾಕಿದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದರ್ಥ. ನಮ್ಮ ಕಡ್ಲೆಪುರಿ ಇಲ್ಲಿ ಮಂಡಕ್ಕಿ, ಜೊತೆಗೆ ಕಣ್ಣಲ್ಲಿ ನೀರು ಬರಿಸುವ ಮೆಣಸಿನಕಾಯಿ ಬಜ್ಜಿ. ಅದನ್ನು ನಾನು ಗೆದ್ದೆ. ಇಲ್ಲಿಯವರ ಜೊತೆ ಮಾತು ಬೆಳೆಸುವುದನ್ನು ಮಾತ್ರ ಗೆಲ್ಲಲಾಗಲಿಲ್ಲ. ಗಂಡ ದನದ ಡಾಕ್ಟರು, ಹಾಗಾಗಿ ಕೇರಿಗೆಲ್ಲ ನಾನು ಡಾಕ್ಟ್ರಮ್ಮ. ಬೆಳಗಾದರೆ ಅವರು ಹಳ್ಳಿಗಳಿಗೆ ಹೊರಡುತ್ತಾರೆ. ನಾನು ಮನೆಯಲ್ಲೇ ಕೂತು ಪ್ರೋಗ್ರಾಂ ಬರೆಯುತ್ತೇನೆ.

ಹೀಗಾಗಿ ನನ್ನ ಕೇರಿಯೆಲ್ಲ ಇಂಟರ್ನೆಟ್ಟಿನಲ್ಲಿತ್ತು. ಪ್ರೋಗ್ರಾಂ ಬರೆಯುವವರ ಒಂದು ತಾಣ ಅದು. ಯಾವ ಸಾಫ್ಟ್‌ವೇರ್ ಕೆಟ್ಟಿತು, ಯಾವುದು ಹೊಸದಾಗಿ ಬಂತು ಎಂಬ ಸುದ್ದಿಯನ್ನು ಜನ ತಂದು ಹಾಕುತ್ತಾರೆ. ಮೆಚ್ಚಿದವರು ಮತ ಒತ್ತುತ್ತಾರೆ, ಹೆಚ್ಚು ಮತ ಬಿದ್ದದ್ದು ಮೇಲೇರುತ್ತದೆ. ಅಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು.

ಮೊನ್ನೆ ನನ್ನದೇ ಲೇಖನ ಎಲ್ಲಕ್ಕಿಂತ ಮೇಲೆ ಹೋಗಿ ಕೂತಿತು! ತೆವಳುತ್ತಿದ್ದ ಹಳೇ ಪ್ರೋಗ್ರಾಮೊಂದರ ರೋಗ ಪತ್ತೆಹಚ್ಚಿದ ಕಥೆ. ಎಲ್ಲೆಲ್ಲಿಂದಲೋ ಜನ ಭಲೇ ಎಂದರು. ಕುಣಿಯುವಷ್ಟು ಖುಷಿ. ಗಂಡನಿಗೆ ಫೋನ್ ಮಾಡಿದರೆ, “ಎಮ್ಮೆ ಈಯ್ತಾ ಇದೆ ಕಣೇ, ಆಮೇಲೆ” ಎಂದು ಇಟ್ಟರು. ಯಾರಿಗಾದರೂ ಹೇಳಲೇಬೇಕಿತ್ತು, ಹೇಳದಿದ್ದರೆ ಎದೆ ಒಡೆದೇಹೋಗುತ್ತಿತ್ತು. ಸುಮ್ಮನೆ ಹೋಗಲು ಸಂಕೋಚ. ಹೆಪ್ಪಿನ ನೆಪ ಮಾಡಿ ಬಟ್ಟಲು ಹಿಡಿದು ಹನುಮಕ್ಕನ ಮನೆಗೆ ಹೋದೆ. ಅವಳು ಆಗತಾನೇ ದೀಪ ಹಚ್ಚುತ್ತಿದ್ದಳು.

“ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಾಕೆ ಬರಲ್ರಿ. ಲಕ್ಷ್ಮಿ ಹೊರಗೆ ಹೋಗ್ತಾಳೆ. ಬೆಳಿಗ್ಗೆ ಬರ‍್ರಿ.”

ಮುಖಕ್ಕೆ ಹೊಡೆದ ಹಾಗಾಯಿತು. ಖಾಲಿ ಬಟ್ಟಲು ಹಿಡಿದು ವಾಪಸು ಬಂದು ಆ ತಾಣದಲ್ಲೇ ಬರೆದೆ: “ಇವತ್ತು ನನ್ನ ಲೇಖನ ಎಲ್ಲಕ್ಕಿಂತ ಮೇಲಿದೆ. ಇದನ್ನು ಹೇಳಿಕೊಳ್ಳಲು ನನಗಿಲ್ಲಿ ಒಬ್ಬರೂ ಇಲ್ಲ.” ಮುಖ ತೊಳೆದು ಬರುವಷ್ಟರಲ್ಲಿ ತಾಣ ನಡೆಸುವವರು ಅದನ್ನು ಅಳಿಸಿದ್ದರು. ವಿಷಯಕ್ಕೆ ಸಂಬಂಧಿಸಿಲ್ಲವಂತೆ. ಅತ್ತುಬಿಟ್ಟೆ.

ಬೆಳಿಗ್ಗೆ ಹನುಮಕ್ಕ ತಾನೇ ಹೆಪ್ಪು ತಂದಳು. “ನಿನ್ನೆ ಮಖ ಸಣ್ಣ ಮಾಡ್ಕಂಡು ಹೋದ್ರಿ. ನಂಗೆ ಉಂಡಿದ್ದು ಮೈಗೆ ಹತ್ತಲಿಲ್ಲ. ಏನಾತ್ರಿ?”

ಎಲ್ಲವನ್ನೂ ಹೇಳಿದೆ. ಅಷ್ಟರಲ್ಲಿ ಲೇಖನ ಹಿಂದಿನ ಪುಟಗಳಿಗೆ ಜಾರಿಹೋಗಿತ್ತು. ಅವಳು ಕಂಪ್ಯೂಟರನ್ನು ಇಣುಕಿ ನೋಡಿದಳು.

“ಇಷ್ಟು ಜನ ಹೊಗಳ್ಯಾರಲ್ಲ, ನಿಮ್ಮನ್ನ ಹೆಸರು ಹಿಡಿದು ಕರದ್ರೇನ್ರಿ?”

“ಅವರಿಗೆ ನನ್ನ ಹೆಸರೇ ಗೊತ್ತಿಲ್ಲ, ಹನುಮಕ್ಕ.”

“ಅಯ್ಯ ಶಿವನೇ, ಅವೆಂಥಾ ಜನ!” ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು. “ಹೌದೂ... ನಿಮ್ಮ ಹೆಸರೇನ್ರಿ?”

“ಸುಮಿತ್ರಾ.” ಬಹಳ ದಿನಗಳ ಮೇಲೆ ಬಾಯಿಬಿಟ್ಟು ಹೇಳಿದ್ದರಿಂದ ಬೇರೆ ಯಾರದೋ ಹೆಸರು ಹೇಳಿದಂತಾಯಿತು.

“ಚೆಂದ ಐತೆ ಬಿಡ್ರಿ, ಸುಮಿತ್ರಮ್ಮ” ಎಂದು ನನ್ನ ಗಲ್ಲ ಹಿಡಿದಳು. ಕಣ್ಣು ತುಂಬಿ ಬಂತು.

ಹೊಸಿಲು ದಾಟುತ್ತಾ ತಿರುಗಿ ನೋಡಿ, “ಹೆಪ್ಪು ಹಾಕಾದು ಮರೀಬ್ಯಾಡ್ರಿ, ಡಾಕ್ಟ್ರಮ್ಮ” ಎಂದಳು.

“ಹ್ಞೂಂ” ಎಂದೆ.